ಕೊನೆಯ ದಿನ ತರಗತಿಯ ಪರವಾಗಿ ಏನು ಹೇಳಲಿ? ನಿಮ್ಮ ನೆನಪು ಬರೆಯಿರಿ

ಮೂರನೇ ಸಾಲು:

ಬೀಳ್ಕೊಡುಗೆ ದಿನ ತರಗತಿಯ ಪರವಾಗಿ ಮಾತನಾಡಲು ನನಗೆ ಹೇಳಿದ್ದಾರೆ. ಐದು ನಿಮಿಷ ಸಿಗುತ್ತದೆ. ನೆನಪಿನ ಪುಸ್ತಕಕ್ಕೆ ಮುನ್ನುಡಿಯನ್ನೂ ನಾನೇ ಬರೆಯಬೇಕು.

ಹೋದ ವಾರ ಎಲ್ಲರಿಗೂ ಚೀಟಿ ಕೊಟ್ಟು, ಶಾಲೆಯ ಒಂದು ನೆನಪು ಬರೆದುಕೊಡಿ ಅಂದಿದ್ದೆ. ಚೀಟಿಗಳು ಬಂದಿವೆ. ಮುಕ್ಕಾಲು ಪಾಲು ಜನ ಬರೆದಿರುವುದು ಅದೇ ಮೂರು ಸಂಗತಿ. ಪ್ರವಾಸದ ದಿನ ಬಸ್ಸು ಕೆಟ್ಟು ನಿಂತಿದ್ದು, ರಿಲೇ ಓಟ ಗೆದ್ದಿದ್ದು, ನಾಟಕದ ಮಧ್ಯೆ ಪರದೆ ಕಳಚಿ ಬಿದ್ದಿದ್ದು. ಮೂರೂ ನನಗೂ ಇಷ್ಟ. ಆದರೆ ರಿಲೇ ಓಡಿದ್ದು ನಾಲ್ಕೇ ಜನ. ಪ್ರವಾಸಕ್ಕೆ ಬರಲಾಗದವರೂ ಇದ್ದರು. ಈ ಮೂರು ದಿನ ಬಿಟ್ಟರೆ ಉಳಿದ ಅಷ್ಟೂ ದಿನ ನಾವು ಏನು ಮಾಡಿದೆವು? ಅದನ್ನು ಯಾರೂ ಬರೆದಿಲ್ಲ.

ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಿಮಗೆ ಮಾತ್ರ ಗೊತ್ತಿರುವ, ಬೇರೆ ಯಾರೂ ಬರೆಯಲಾರದ ನೆನಪು ಯಾವುದು? ಇನ್ನೊಂದು ವಿಷಯ. ಇಂಥ ಭಾಷಣಗಳಲ್ಲಿ ‘ನಾವೆಲ್ಲ ಒಂದೇ ಕುಟುಂಬದ ಹಾಗೆ ಇದ್ದೆವು’ ಅಂತ ಹೇಳುವುದುಂಟು. ನಾನೂ ಹೇಳಲಾ? ಮನಸ್ಸಿಗೆ ಬಂದದ್ದನ್ನು ಮುಚ್ಚಿಡದೆ ಬರೆಯಿರಿ. ಹಳೆಯ ಬ್ಯಾಚಿನವರು, ಟೀಚರುಗಳು ಬರೆದರೂ ಸಂತೋಷ.

ಕೊನೇ ಬೆಂಚು:

ಕುಟುಂಬ ಅಂತ ಮಾತ್ರ ಹೇಳಬೇಡ ಕಣೇ. ನಾವು ಒಂದೇ ಕೋಣೆಯಲ್ಲಿ ಇದ್ದೆವು, ಅಷ್ಟು ನಿಜ. ಆ ಕೋಣೆಯೊಳಗೆ ನಾಲ್ಕೈದು ಗುಂಪುಗಳಿದ್ದವು, ಯಾವ ಗುಂಪಿಗೂ ಸೇರದವರು ಕೆಲವರಿದ್ದರು. ಮೊದಲ ಬೆಂಚಿನವರ ಜೊತೆ ಇಷ್ಟು ವರ್ಷದಲ್ಲಿ ನಾನು ಆಡಿದ ಮಾತೆಲ್ಲ ಸೇರಿಸಿದರೂ ಒಂದು ಪುಟ ಆಗುವುದಿಲ್ಲ. ಜಗಳ ಏನೂ ಇರಲಿಲ್ಲ. ಸುಮ್ನೆ ದೂರ ಕೂತಿದ್ದೆವು, ಅಷ್ಟೇ.

ನೆನಪು ಕೇಳಿದ್ದೀಯಲ್ಲ, ನನ್ನದು ಇದು. ಕೊನೇ ಬೆಂಚಿನಿಂದ ಎಲ್ಲರ ಬೆನ್ನು ಕಾಣುತ್ತದೆ. ಉತ್ತರ ಹೇಳುವ ಮುಂಚೆ ಯಾರು ಕಿವಿ ಮುಟ್ಟಿಕೊಳ್ಳುತ್ತಾರೆ, ಗಣಿತದ ಉತ್ತರ ಪತ್ರಿಕೆ ಹಂಚುವ ದಿನ ಯಾರ ಹೆಗಲು ಬಿಗಿಯಾಗುತ್ತದೆ, ಅಳು ಬಂದಾಗ ಯಾರು ಬ್ಯಾಗಿನಲ್ಲಿ ಏನೋ ಹುಡುಕುವ ಹಾಗೆ ಬಗ್ಗುತ್ತಾರೆ, ಎಲ್ಲ ಗೊತ್ತು. ಯಾರು ಅಂತ ಇಲ್ಲಿ ಬರೆಯುವುದಿಲ್ಲ. ಮಾತನಾಡಿಸದಿದ್ದರೂ ನಿಮ್ಮನ್ನೆಲ್ಲ ಇಷ್ಟು ವರ್ಷ ನೋಡುತ್ತಾ ಬಂದಿದ್ದೇನೆ. ನನ್ನ ಲೆಕ್ಕದಲ್ಲಿ ಅದೂ ಒಂದು ಬಗೆಯ ಗೆಳೆತನವೇ.

ಹಾಜರಿ ಪುಸ್ತಕ:

ದೂರ ಕೂತಿದ್ದೆವು ಅಂದೆಯಲ್ಲ, ಅದು ಸಣ್ಣ ಕಾರಣ ಅಲ್ಲ. ಹಂಗೇರಿಯಲ್ಲಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. 3ರಿಂದ 8ನೇ ತರಗತಿವರೆಗಿನ ಸುಮಾರು 3,000 ಮಕ್ಕಳು, 182 ತರಗತಿಗಳು. ಯಾರ ಪಕ್ಕ ಯಾರು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿ ಕೂರಿಸಿದರು. ಸೆಮಿಸ್ಟರಿನ ಕೊನೆಗೆ ನಿನ್ನ ಗೆಳೆಯರು ಯಾರು ಅಂತ ಪ್ರತಿಯೊಬ್ಬರನ್ನೂ ಕೇಳಿದರು. ಇಬ್ಬರೂ ಪರಸ್ಪರ ಹೆಸರು ಹೇಳುವ ಸಾಧ್ಯತೆ ಬೇರೆಯವರಲ್ಲಿ ಶೇ. 15 ಇದ್ದರೆ, ಪಕ್ಕ ಕೂತವರಲ್ಲಿ ಶೇ. 22ಕ್ಕೆ ಏರಿತ್ತು. ಓದಿನ ಮಟ್ಟ, ಜನಾಂಗ ಬೇರೆ ಬೇರೆ ಇದ್ದವರಲ್ಲೂ ಏರಿಕೆ ಇತ್ತು, ಸ್ವಲ್ಪ ಕಡಿಮೆ ಅಷ್ಟೇ. 2021ರಲ್ಲಿ ಪ್ರಕಟವಾದ ಅಧ್ಯಯನ ಇದು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಪೊಲೀಸ್ ತರಬೇತಿಗೆ ಬಂದವರನ್ನು ಹೆಸರಿನ ಅಕ್ಷರದ ಪ್ರಕಾರ ಕೂರಿಸುತ್ತಿದ್ದರಂತೆ. ಅಕ್ಷರ ಹತ್ತಿರ ಇದ್ದವರೇ ಹತ್ತಿರದ ಗೆಳೆಯರಾದರು ಅಂತ 1974ರಲ್ಲೇ ಒಬ್ಬ ಸಂಶೋಧಕಿ ತೋರಿಸಿದ್ದಾರೆ.

ನನ್ನ ವಿಷಯಕ್ಕೆ ಬಂದರೆ, ನನ್ನನ್ನೂ ನನ್ನ ಗೆಳತಿಯನ್ನೂ ಒಂದೇ ಬೆಂಚಿಗೆ ಹಾಕಿದ್ದು ಇಬ್ಬರ ಎತ್ತರ ಒಂದೇ ಇತ್ತು ಅಂತ. ಬೇರೆ ಯಾವ ಕಾರಣವೂ ಇರಲಿಲ್ಲ. ಮುಂದಿನ ವರ್ಷ ಅವಳು ಉದ್ದ ಆದಳು, ಹಿಂದಿನ ಬೆಂಚಿಗೆ ಕಳಿಸಿದರು. ಅಷ್ಟರಲ್ಲಿ ನಾವು ಬಿಟ್ಟಿರಲಾರದಷ್ಟು ಹತ್ತಿರ ಆಗಿದ್ದೆವು. ಆ ಬೆಂಚಿಗೆ ಬೇರೆ ಯಾರನ್ನೋ ಕೂರಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ನನಗೆ ಈಗಲೂ ಭಯ ಆಗುತ್ತದೆ. ಹಾಗಾಗಿ ಕೊನೇ ಬೆಂಚಿನವನೇ, ನಿನಗೂ ಮೊದಲ ಬೆಂಚಿನವರಿಗೂ ಆಗಿಬರುತ್ತಿರಲಿಲ್ಲ ಅಂತ ಅಂದುಕೊಳ್ಳಬೇಡ. ನಿಮ್ಮನ್ನು ಯಾರೂ ಹತ್ತಿರ ಕೂರಿಸಲೇ ಇಲ್ಲ.

ಮಧ್ಯದಲ್ಲಿ ಸೇರಿದವಳು:

ನಾನು ಎಂಟನೇ ತರಗತಿಗೆ ಬಂದವಳು. ಅಷ್ಟು ಹೊತ್ತಿಗೆ ನಿಮ್ಮೆಲ್ಲರ ಗುಂಪು, ಅಡ್ಡಹೆಸರು, ಹಳೆಯ ಕಥೆ ಎಲ್ಲ ಸಿದ್ಧವಾಗಿತ್ತು. ಯಾರಾದರೂ ‘ಛತ್ರಿ’ ಅಂದರೆ ಸಾಕು, ಇಡೀ ತರಗತಿ ನಗುತ್ತಿತ್ತು. ನಾನೂ ನಗುತ್ತಿದ್ದೆ. ಯಾಕೆ ಅಂತ ಕೇಳಲು ಸಂಕೋಚ.

ಒಂದು ದಿನ ಪಕ್ಕದಲ್ಲಿದ್ದವಳು ನನ್ನ ಸಮಾಜ ವಿಜ್ಞಾನದ ನೋಟ್‌ಬುಕ್ ತೆಗೆದುಕೊಂಡು ಕೊನೆಯ ಪುಟದಲ್ಲಿ ಏನೋ ಬರೆಯತೊಡಗಿದಳು. ವಾಪಸ್ ಕೊಟ್ಟಾಗ ನೋಡಿದರೆ ಅಷ್ಟೂ ವಿವರ ಇತ್ತು. ಯಾರಿಗೆ ಯಾವ ಅಡ್ಡಹೆಸರು, ಯಾಕೆ ಬಂತು, ಯಾರ ಮುಂದೆ ಯಾವ ಮಾತು ಎತ್ತಬಾರದು, ಛತ್ರಿಯ ಕಥೆ ಏನು, ಎಲ್ಲ. ಅವಳು ಬರೆದು ಕೊಟ್ಟಳು, ಒಂದು ಮಾತೂ ಆಡಲಿಲ್ಲ. ಆ ಪುಟ ಇನ್ನೂ ನನ್ನ ಹತ್ತಿರ ಇದೆ. ಮರುದಿನ ಯಾರೋ ಛತ್ರಿ ಅಂದಾಗ ನನಗೆ ನಿಜವಾಗಿ ನಗು ಬಂತು. ನಾನು ಈ ತರಗತಿಗೆ ಸೇರಿದ್ದು ಅವತ್ತು ಅಂತಲೇ ಲೆಕ್ಕ.

ಹಾಜರಿ ಪುಸ್ತಕ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಪಕ್ಕ ಕೂತರೆ ಶುರುವಾಗಬಹುದು, ಅಷ್ಟೇ ಸಾಲದು. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಗೆಳೆತನಕ್ಕೆ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿದ್ದಾರೆ. ಪರಿಚಯದವರು ಮಾಮೂಲಿ ಗೆಳೆಯರಾಗಲು ಸುಮಾರು 50 ಗಂಟೆ, ಗೆಳೆಯರು ಅನ್ನಿಸಿಕೊಳ್ಳಲು 90, ತೀರಾ ಆಪ್ತರಾಗಲು 200ಕ್ಕೂ ಹೆಚ್ಚು. ಶಾಲೆಯಲ್ಲಿ 200 ಗಂಟೆ ಬಹಳ ಬೇಗ ಮುಗಿಯುತ್ತದೆ ಅಂತ ಅನ್ನಿಸುತ್ತದೆ ಅಲ್ವಾ? ಆದರೆ ಒಟ್ಟಿಗೆ ಕೆಲಸ ಮಾಡುವ, ಪಾಠ ಕೇಳುವ ಹೊತ್ತು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲವಂತೆ. ಹರಟೆ, ಆಟ, ಸುಮ್ಮನೆ ಜೊತೆಗಿರುವ ಹೊತ್ತೇ ಬೇಕು. ನಮ್ಮ ಗೆಳೆತನ ಬೆಳೆದಿದ್ದು ಪಾಠದಲ್ಲಿ ಅಲ್ಲ, ಎರಡು ಪೀರಿಯಡ್ ನಡುವೆ ಟೀಚರ್ ಬರುವವರೆಗಿನ ಆ ಮೂರ್ನಾಲ್ಕು ನಿಮಿಷದಲ್ಲಿ. ನಿನ್ನ ಭಾಷಣದಲ್ಲಿ ಆ ನಿಮಿಷಗಳಿಗೆ ಜಾಗ ಕೊಡು.

ಹಳೇ ಬ್ಯಾಚಿನವನು:

ಮಕ್ಕಳೇ, ನಾನು ನಿಮಗಿಂತ ತುಂಬಾ ಹಿಂದೆ ಇದೇ ಶಾಲೆಯಲ್ಲಿ ಓದಿದವನು. ಬರೆದದ್ದೆಲ್ಲ ಓದಿದೆ. ನೆನಪಿನ ಪುಸ್ತಕ ಮಾಡುತ್ತೀರಿ ಅಂತ ಗೊತ್ತಾಗಿ ಒಂದು ಕೋರಿಕೆ ಇಡುತ್ತಿದ್ದೇನೆ. ಗುಂಪಿನ ಫೋಟೋ ಹಿಂದೆ ಪ್ರತಿಯೊಬ್ಬರ ಹೆಸರನ್ನೂ ಬರೆಯಿರಿ. ಸಾಲು ಪ್ರಕಾರ, ಎಡದಿಂದ ಬಲಕ್ಕೆ, ಪೂರ್ತಿ ಹೆಸರು.

ಈಗ ನಿಮಗೆ ಇದು ಬೇಡದ ಕೆಲಸ ಅನ್ನಿಸುತ್ತದೆ. ದಿನಾ ನೋಡುವ ಮುಖಗಳು ಮರೆತುಹೋಗುತ್ತವಾ ಅಂತ ಕೇಳುತ್ತೀರಿ. ಮುಖ ಮರೆಯುವುದಿಲ್ಲ, ಅದೇ ಕಷ್ಟ. 1975ರಲ್ಲಿ ಹ್ಯಾರಿ ಬಾರಿಕ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು 17ರಿಂದ 74 ವಯಸ್ಸಿನ 392 ಜನರಿಗೆ ಅವರದೇ ಶಾಲೆಯ ಹಳೆಯ ಫೋಟೋ ತೋರಿಸಿ ಕೇಳಿದರು. ಶಾಲೆ ಬಿಟ್ಟು 15 ವರ್ಷದೊಳಗಿನವರು ಸುಮಾರು ಶೇ. 90ರಷ್ಟು ಮುಖಗಳನ್ನು ಸರಿಯಾಗಿ ಗುರುತಿಸಿದರು. ಆದರೆ ಯಾವ ಸುಳಿವೂ ಕೊಡದೆ ಸಹಪಾಠಿಗಳ ಹೆಸರು ಹೇಳಿ ಅಂದರೆ ಅವರಲ್ಲೇ ಶೇ. 60ರ ಹತ್ತಿರ. 48 ವರ್ಷ ಆದವರಲ್ಲಿ ಅದು ಶೇ. 30ಕ್ಕೆ ಇಳಿದಿತ್ತು.

ನನ್ನ ಫೋಟೋದಲ್ಲಿ ಎರಡನೇ ಸಾಲಿನ ತುದಿಯಲ್ಲಿ ಒಬ್ಬ ಹುಡುಗ ನಿಂತಿದ್ದಾನೆ. ಅವನ ಅಕ್ಷರ ಎಡಕ್ಕೆ ವಾಲುತ್ತಿತ್ತು ಅಂತ ನೆನಪಿದೆ. ಅವನು ಪೆನ್ಸಿಲ್ಲನ್ನು ಚಾಕುವಿನಿಂದ ಚೂಪು ಮಾಡುತ್ತಿದ್ದ, ಅದೂ ನೆನಪಿದೆ. ಹೆಸರು ಮಾತ್ರ ಬರುವುದಿಲ್ಲ. ಕೇಳಿದವರಿಗೂ ಬಂದಿಲ್ಲ. ಹೆಸರಿಲ್ಲದೆ ಅವನನ್ನು ಹುಡುಕುವುದಾದರೂ ಹೇಗೆ?

ಇನ್ನೊಂದು ಮಾತು. ಅಷ್ಟಕ್ಕಷ್ಟೇ ಪರಿಚಯ ಇದ್ದವರನ್ನೂ ಬಿಡಬೇಡಿ. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಇದರ ಬಗ್ಗೆ ಬರೆದಿದ್ದಾರೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ವಿಚಾರಿಸಿದಾಗ, ಪದೇಪದೇ ಭೇಟಿಯಾಗುವವರಿಂದ ಸುದ್ದಿ ಸಿಕ್ಕಿದ್ದು ಶೇ. 17ರಷ್ಟು ಜನರಿಗೆ ಮಾತ್ರ. ಉಳಿದವರಿಗೆಲ್ಲ ಯಾವಾಗಲೋ ಒಮ್ಮೆ ಸಿಗುವವರಿಂದ. ಆಪ್ತ ಗೆಳೆಯರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ದೂರದವರು ಬೇರೆ ಲೋಕದ ಸುದ್ದಿ ತರುತ್ತಾರೆ. ನನ್ನ ಮೊದಲ ಕೆಲಸದ ಸುಳಿವು ಕೊಟ್ಟವನು, ಶಾಲೆಯಲ್ಲಿ ನಾನು ಹೆಚ್ಚು ಮಾತೇ ಆಡದಿದ್ದ ಒಬ್ಬ ಸಹಪಾಠಿ.

ಎರಡನೇ ಸಾಲು:

ನಾನು ಚೀಟಿ ಕೊಟ್ಟಿರಲಿಲ್ಲ. ಬರೆಯಲು ಏನೂ ಇಲ್ಲ ಅಂತ ಅಲ್ಲ, ಪುಸ್ತಕದಲ್ಲಿ ಹಾಕುವಂಥದ್ದು ಇಲ್ಲ ಅಂತ. ಇಲ್ಲಿ ಬರೆಯುತ್ತೇನೆ.

ನನಗೆ ಮಾತು ತೊದಲುತ್ತದೆ, ನಿಮಗೆಲ್ಲ ಗೊತ್ತು. ಪಾಠವನ್ನು ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಿಸುವ ಪದ್ಧತಿ ಇತ್ತಲ್ಲ, ಅದು ನನಗೆ ಶಾಲೆಯ ಅತಿ ಕೆಟ್ಟ ಹೊತ್ತು. ಮುಂದಿನ ಬೆಂಚಿನಿಂದ ಸರದಿ ಬರುತ್ತಿತ್ತು. ನನ್ನ ಪಾಲಿಗೆ ಯಾವ ಪ್ಯಾರಾ ಬರುತ್ತದೆ ಅಂತ ಮೊದಲೇ ಎಣಿಸಿ, ಅದರಲ್ಲಿ ತೊಡರುವ ಅಕ್ಷರಗಳನ್ನು ಹುಡುಕುತ್ತಾ ಕೂರುತ್ತಿದ್ದೆ. ಉಳಿದವರು ಓದಿದ್ದು ಒಂದೂ ಕಿವಿಗೆ ಬೀಳುತ್ತಿರಲಿಲ್ಲ. ನಾನು ಓದುವಾಗ ಹಿಂದಿನಿಂದ ಯಾರೋ ನನ್ನ ಹಾಗೇ ಹೇಳಿ ತೋರಿಸುತ್ತಿದ್ದರು. ಕೆಲವರು ನಗುತ್ತಿದ್ದರು. ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರು ತೊದಲುತ್ತಾರೆ ಅಂತ ಆಮೇಲೆ ಓದಿ ತಿಳಿದೆ. ಆಗ ಜಗತ್ತಿನಲ್ಲಿ ನಾನೊಬ್ಬನೇ ಅಂದುಕೊಂಡಿದ್ದೆ.

ಒಂದು ಒಳ್ಳೆಯ ನೆನಪೂ ಇದೆ. ಪದ್ಯವನ್ನು ಎಲ್ಲರೂ ಸೇರಿ ಹೇಳುವಾಗ ನನಗೆ ಒಂದು ಅಕ್ಷರವೂ ತೊಡರುತ್ತಿರಲಿಲ್ಲ. ತೊದಲುವವರಲ್ಲಿ ಹೆಚ್ಚಿನವರಿಗೆ ಹೀಗೆ ಆಗುತ್ತದೆ, ಬೇರೆಯವರ ದನಿ ಜೊತೆಗಿದ್ದರೆ ಮಾತು ಸರಾಗ ಬರುತ್ತದೆ. ಆ ವಯಸ್ಸಿನಲ್ಲಿ ನನಗೆ ಅದೆಲ್ಲ ಗೊತ್ತಿರಲಿಲ್ಲ. ನಿಮ್ಮ ಜೊತೆ ಹೇಳುವಾಗ ಮಾತ್ರ ನನ್ನ ದನಿ ಇಷ್ಟು ಚೆನ್ನಾಗಿದೆಯಲ್ಲ ಅಂತ ಆಶ್ಚರ್ಯ ಆಗುತ್ತಿತ್ತು. ಆ ಪದ್ಯಗಳೆಲ್ಲ ಇವತ್ತಿಗೂ ಬಾಯಿಪಾಠ.

ನಗುತ್ತಿದ್ದವರ ಹೆಸರು ಹೇಳುವುದಿಲ್ಲ, ಈಗ ಅವರ ಮೇಲೆ ಕೋಪವೂ ಇಲ್ಲ. ಆದರೆ ‘ಎಲ್ಲರೂ ಸಂತೋಷವಾಗಿದ್ದೆವು’ ಅಂತ ಹೇಳಿದರೆ ಆ ವಾಕ್ಯದಲ್ಲಿ ನಾನು ಇರುವುದಿಲ್ಲ.

ಕಿಟಕಿ ಪಕ್ಕ:

ನೀನು ಬರೆದದ್ದು ಓದಿ ತುಂಬಾ ಹೊತ್ತು ಏನೂ ಬರೆಯಲು ಆಗಲಿಲ್ಲ. ನಿನಗೆ ಒಂದು ವಿಷಯ ಗೊತ್ತಿಲ್ಲ ಅನ್ನಿಸುತ್ತದೆ, ಹೇಳುತ್ತೇನೆ. ಒಂಬತ್ತನೇ ತರಗತಿಯಲ್ಲಿ ನಿನ್ನ ಸರದಿ ಹತ್ತಿರ ಬರುವಾಗ ಆ ಮೂಲೆಯಿಂದ ಯಾರಾದರೂ ಕೈ ಎತ್ತಿ ಡೌಟ್ ಕೇಳುತ್ತಿದ್ದರು, ನೆನಪಿದೆಯಾ? ಒಂದು ದಿನ ನಾನು, ಇನ್ನೊಂದು ದಿನ ನನ್ನ ಹಿಂದಿನವಳು. ನಾವಿಬ್ಬರೂ ಮಾತಾಡಿಕೊಂಡು ಮಾಡುತ್ತಿದ್ದೆವು. ಉತ್ತರ ಉದ್ದ ಇರುವಂಥ ಪ್ರಶ್ನೆಯನ್ನೇ ಹುಡುಕಿ ಇಟ್ಟುಕೊಳ್ಳುತ್ತಿದ್ದೆವು. ಎಷ್ಟೋ ಸಲ ಅಷ್ಟರಲ್ಲಿ ಬೆಲ್ ಆಗುತ್ತಿತ್ತು. ನಿನಗೆ ಹೇಳಿದರೆ ನೋವಾಗಬಹುದು ಅಂತ ಹೇಳಿರಲಿಲ್ಲ.

ಎರಡನೇ ಸಾಲು:

ಆ ಡೌಟುಗಳು ಅದಕ್ಕಾಗಿಯಾ? ನೀವಿಬ್ಬರೂ ತುಂಬಾ ಓದುವವರು, ಅದಕ್ಕೇ ಅಷ್ಟು ಪ್ರಶ್ನೆ ಅಂತ ಅಂದುಕೊಂಡಿದ್ದೆ. ಥ್ಯಾಂಕ್ಸ್. ಇಬ್ಬರಿಗೂ.

ಹಳೇ ಬ್ಯಾಚಿನವನು:

ಎರಡನೇ ಸಾಲಿನ ತಮ್ಮಾ, ನೀನು ಬರೆದದ್ದು ಪುಸ್ತಕಕ್ಕೆ ಬೇಡ ಅಂದುಕೊಳ್ಳಬೇಡ. ಅದು ಬೇಕೇ ಬೇಕು. ನೆನಪು ತಾನಾಗಿಯೇ ಒಳ್ಳೆಯ ಕಡೆಗೆ ವಾಲುತ್ತದೆ. ನಾನು ಮೇಲೆ ಹೇಳಿದ ಬಾರಿಕ್ ಅವರೇ 1996ರಲ್ಲಿ ಕಾಲೇಜು ಸೇರಿದ ಮಕ್ಕಳಿಗೆ ಅವರ ಶಾಲೆಯ ಗ್ರೇಡುಗಳನ್ನು ನೆನಪಿಸಿಕೊಳ್ಳಲು ಹೇಳಿ, ದಾಖಲೆ ಜೊತೆ ಹೋಲಿಸಿ ನೋಡಿದರು. ಎ ಗ್ರೇಡ್ ಬಂದಿದ್ದರೆ ಶೇ. 89ರಷ್ಟು ಸರಿಯಾಗಿ ನೆನಪಿತ್ತು. ಡಿ ಬಂದಿದ್ದರೆ ಶೇ. 29. ತಪ್ಪಿದ ಕಡೆಯಲ್ಲೆಲ್ಲ ಬಹುಪಾಲು ತಮಗೆ ಬಂದದ್ದಕ್ಕಿಂತ ಜಾಸ್ತಿಯೇ ಹೇಳಿದ್ದರು. ಸುಳ್ಳು ಹೇಳಬೇಕು ಅಂತ ಅಲ್ಲ, ಹಾಗೇ ನೆನಪಾಗುತ್ತದೆ. ಇನ್ನು ಇಪ್ಪತ್ತು ವರ್ಷಕ್ಕೆ ನಿಮ್ಮಲ್ಲಿ ಯಾರೂ ಈ ನಗುವನ್ನು ನೆನಪಿಟ್ಟುಕೊಂಡಿರುವುದಿಲ್ಲ, ಅನುಭವಿಸಿದವನನ್ನು ಬಿಟ್ಟು. ಈಗ ಬರೆದರೆ ಎಲ್ಲರ ಕೈಯಲ್ಲೂ ಇರುತ್ತದೆ. ಆ ಡೌಟಿನ ಕಥೆಯೂ ಪಕ್ಕದಲ್ಲೇ ಇರಲಿ.

ಹಾಜರಿ ಪುಸ್ತಕ:

ಇದನ್ನೆಲ್ಲ ಓದುತ್ತಾ ನನಗೆ ಇನ್ನೊಬ್ಬ ನೆನಪಾದ. 2020ರಲ್ಲಿ ಶಾಲೆಗಳು ಮುಚ್ಚಿದಾಗ ನಾವು ಇನ್ನೂ ಚಿಕ್ಕವರು. ಆ ವರ್ಷ 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳ ಓದಿಗೆ ಅಡ್ಡಿಯಾಯಿತು ಅಂತ ವಿಶ್ವಸಂಸ್ಥೆ ಲೆಕ್ಕ ಕೊಟ್ಟಿದೆ. ನಮ್ಮ ಪಾಲಿಗೆ ಅದು ಫೋನಿನ ಪರದೆಯಲ್ಲಿ ಚೌಕ ಚೌಕವಾಗಿ ಕಾಣುತ್ತಿದ್ದ ಮುಖಗಳು. ಆ ಚೌಕಗಳಲ್ಲಿ ಕೆಲವರು ಇರಲೇ ಇಲ್ಲ. ಒಂದು ಮನೆಗೆ ಒಂದೇ ಫೋನು, ಅದೂ ಕೆಲಸಕ್ಕೆ ಹೋಗುವವರ ಕೈಯಲ್ಲಿ.

ಶಾಲೆ ಮತ್ತೆ ತೆರೆದಾಗ ಟೀಚರ್ ಹಾಜರಿ ಕೂಗಿದರು. ಒಂದು ಹೆಸರಿಗೆ ಉತ್ತರ ಬರಲಿಲ್ಲ. ಮರುದಿನವೂ ಕೂಗಿದರು. ಕೆಲವು ದಿನ ಆದ ಮೇಲೆ ಆ ಹೆಸರು ಬಿಟ್ಟು ಮುಂದಕ್ಕೆ ಹೋಗತೊಡಗಿದರು. ಅವನ ಹೆಸರಿನ ನಂತರ ನನ್ನದೇ. ಅವನು ‘ಬಂದಿದ್ದೇನೆ’ ಅಂದ ತಕ್ಷಣ ನಾನು ಹೇಳುವುದು ಅಭ್ಯಾಸವಾಗಿತ್ತು. ಎಷ್ಟೋ ದಿನ ನನ್ನ ಸರದಿ ನನಗೇ ತಪ್ಪಿಹೋಗುತ್ತಿತ್ತು.

ಅವನ ಜೊತೆ ಇನ್ನೂ ಕೆಲವರು ಬರಲಿಲ್ಲ. ಬೇರೆ ಕಡೆ ಸೇರಿದರೋ, ಓದು ಬಿಟ್ಟರೋ ವಿಚಾರಿಸುವ ವಯಸ್ಸು ನಮ್ಮದಾಗಿರಲಿಲ್ಲ. ಈಗ ಆಗಿದೆ. ನಮ್ಮ ಪುಸ್ತಕದಲ್ಲಿ ಅವರ ಹೆಸರು ಇರಬೇಕು. ಕೊನೆಯವರೆಗೆ ಉಳಿದವರಷ್ಟೇ ತರಗತಿ ಅಲ್ಲ.

ಕೊನೇ ಬೆಂಚು:

ಪೂರ್ತಿ ಒಪ್ಪುತ್ತೇನೆ. ಅವನು ನನ್ನ ಪಕ್ಕ ಕೂತಿದ್ದ. ಅವನ ಮನೆಯವರ ಪರಿಚಯ ಇರುವ ಒಬ್ಬರು ನನಗೆ ಗೊತ್ತು, ನಾನು ವಿಚಾರಿಸುತ್ತೇನೆ.

ಒಂದು ಪ್ರಶ್ನೆ. ಇದೆಲ್ಲ ಮುಗಿದ ಮೇಲೆ ನಾವು ಮಾತಾಡುತ್ತಾ ಇರುತ್ತೇವಾ? ಗುಂಪು ಮಾಡಿ ಶುಭಾಶಯ ಕಳಿಸುವುದು ಬಿಟ್ಟು ಬೇರೆ ಏನಾದರೂ?

ವಿಜ್ಞಾನದ ಟೀಚರ್:

ಎಲ್ಲವನ್ನೂ ಓದಿದೆ ಮಕ್ಕಳೇ. ನನಗೆ ಗೊತ್ತಿದ್ದ ತರಗತಿ ಇದರಲ್ಲಿ ಸ್ವಲ್ಪವೇ ಇದೆ. ನಾವು ಮುಂದೆ ನಿಂತು ನೋಡುವುದು ಒಂದು, ಬೆಂಚುಗಳ ನಡುವೆ ನಡೆಯುವುದು ಇನ್ನೊಂದು.

ನನ್ನ ನೆನಪು ಹೇಳುತ್ತೇನೆ. ಒಮ್ಮೆ ನನ್ನ ಗಂಟಲು ಪೂರ್ತಿ ಕಟ್ಟಿತ್ತು. ಬೋರ್ಡಿನ ಮೇಲೆ ‘ಇವತ್ತು ಮಾತಾಡಲು ಆಗುವುದಿಲ್ಲ’ ಅಂತ ಬರೆದೆ. ಗದ್ದಲ ಆಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಮೊದಲ ಬೆಂಚಿನ ಒಬ್ಬಳು ಎದ್ದು ಬಂದು, ಮೇಡಂ ನೀವು ಬರೆಯಿರಿ, ನಾನು ಓದಿ ಹೇಳುತ್ತೇನೆ ಅಂದಳು. ಬೆಳಕು ವಕ್ರೀಭವನ ಆಗುವ ಚಿತ್ರವನ್ನು ನಾನು ಬರೆದೆ, ಅವಳು ವಿವರಿಸಿದಳು. ಒಂದು ಕಡೆ ತಪ್ಪಾಯಿತು, ಹಿಂದಿನಿಂದ ಒಬ್ಬ ತಿದ್ದಿದ. ಹಿಂದಿನಿಂದ ಅಂದರೆ ಕೊನೇ ಬೆಂಚಿನಿಂದಲೇ. ಮೊದಲ ಬೆಂಚಿನ ಜೊತೆ ನಿನ್ನ ಮಾತು ಒಂದು ಪುಟ ಆಗುವುದಿಲ್ಲ ಅಂದೆಯಲ್ಲಪ್ಪ, ಆ ಪುಟದಲ್ಲಿ ಇದು ಇರಬೇಕು.

ಗೆಳೆತನ ಉಳಿಯುತ್ತದಾ ಅಂತ ಕೇಳಿದ್ದೀಯ. ಸ್ಯಾಮ್ ರಾಬರ್ಟ್ಸ್ ಮತ್ತು ರಾಬಿನ್ ಡನ್‌ಬಾರ್ ಎಂಬ ಸಂಶೋಧಕರು ಶಾಲೆ ಮುಗಿಸಿ ಹೊರಟ ಮಕ್ಕಳನ್ನು 18 ತಿಂಗಳು ಗಮನಿಸಿದ್ದರು. ತಾನಾಗಿ ಉಳಿದ ಗೆಳೆತನ ಕಡಿಮೆ. ಹುಡುಗಿಯರಲ್ಲಿ ಮಾತುಕತೆ ಹೆಚ್ಚಿಸಿಕೊಂಡವರ ಗೆಳೆತನ ಉಳಿಯಿತು. ಹುಡುಗರಲ್ಲಿ ಬರೀ ಮಾತಿನಿಂದ ಹೆಚ್ಚೇನೂ ಪ್ರಯೋಜನ ಕಾಣಲಿಲ್ಲ, ಒಟ್ಟಿಗೆ ಸೇರಿ ಏನಾದರೂ ಮಾಡಿದವರ ನಂಟು ಉಳಿಯಿತು. ಆದ್ದರಿಂದ ಶುಭಾಶಯ ಸಾಲದು. ಆಡಿ, ಎಲ್ಲಾದರೂ ಹೋಗಿ, ಯಾರದಾದರೂ ಮನೆ ಕೆಲಸಕ್ಕೆ ಕೈ ಜೋಡಿಸಿ.

ಮೂರನೇ ಸಾಲು:

ಎಲ್ಲರಿಗೂ ಥ್ಯಾಂಕ್ಸ್. ಭಾಷಣ ಈಗ ಬೇರೆಯೇ ಆಗಿದೆ. ಕುಟುಂಬದ ಮಾತು ತೆಗೆದೆ. ಬಸ್ಸು, ರಿಲೇ, ಪರದೆ ಮೂರೂ ಒಂದೇ ವಾಕ್ಯದಲ್ಲಿ ಮುಗಿಯುತ್ತವೆ. ಉಳಿದ ಹೊತ್ತು ನೋಟ್‌ಬುಕ್ಕಿನ ಕೊನೆಯ ಪುಟ, ಬೆಲ್ ಆಗುವವರೆಗಿನ ಡೌಟು, ಟೀಚರ್ ದನಿಯಾದ ಹುಡುಗಿ. ಯಾರ ಹೆಸರೂ ಹೇಳದೆ, ಅವರವರ ಒಪ್ಪಿಗೆ ಕೇಳಿಕೊಂಡು.

ಒಂದು ಆಸೆ ಇದೆ. ಐದು ನಿಮಿಷವನ್ನೂ ನಾನೊಬ್ಬಳೇ ಮಾತಾಡುವುದಿಲ್ಲ. ಕೊನೆಯ ಒಂದು ನಿಮಿಷ ನಾವೆಲ್ಲ ಎದ್ದು ನಿಂತು ತರಗತಿಯ ಅಷ್ಟೂ ಹೆಸರುಗಳನ್ನು ಒಟ್ಟಿಗೆ ಹೇಳೋಣ. ಮಧ್ಯದಲ್ಲಿ ಸೇರಿದವರು, ಮಧ್ಯದಲ್ಲಿ ಬಿಟ್ಟು ಹೋದವರು ಎಲ್ಲರದೂ. ಎರಡನೇ ಸಾಲು, ನಿನಗೆ ಸರಿ ಅನ್ನಿಸಿದರೆ ಮಾತ್ರ.

ಎರಡನೇ ಸಾಲು:

ಸರಿ. ಎಲ್ಲರೂ ಸೇರಿ ಹೇಳುವುದಾದರೆ ನಾನು ಮುಂದೆ ನಿಲ್ಲುತ್ತೇನೆ. ಎರಡು ಸಲ ಅಭ್ಯಾಸ ಮಾಡೋಣ, ಎಲ್ಲರೂ ಒಂದೇ ವೇಗದಲ್ಲಿ ಹೇಳಬೇಕು.

ಮಧ್ಯದಲ್ಲಿ ಸೇರಿದವಳು:

ಹೆಸರುಗಳನ್ನು ಯಾವ ಕ್ರಮದಲ್ಲಿ ಹೇಳುವುದು? ಅಕ್ಷರದ ಪ್ರಕಾರ ಬೇಡ, ನಾವು ಸೇರಿದ ವರ್ಷದ ಪ್ರಕಾರ ಹೇಳಿದರೆ ಹೇಗೆ? ಆಗ ಬಿಟ್ಟು ಹೋದವರ ಹೆಸರು ಅವರ ಜಾಗದಲ್ಲೇ ಬರುತ್ತದೆ, ಕೊನೆಗೆ ತಳ್ಳಿದ ಹಾಗೆ ಆಗುವುದಿಲ್ಲ.

ವಿಜ್ಞಾನದ ಟೀಚರ್:

ಸೇರಿದ ವರ್ಷದ ಪ್ರಕಾರವೇ ಇರಲಿ. ಹಳೆಯ ಹಾಜರಿ ಪುಸ್ತಕಗಳು ಕಚೇರಿಯ ಬೀರುವಿನಲ್ಲಿವೆ, ನೋಡಲು ಮುಖ್ಯೋಪಾಧ್ಯಾಯರ ಅನುಮತಿ ನಾನು ಕೇಳುತ್ತೇನೆ. ಹೆಸರು ಮಾತ್ರ ಬರೆದುಕೊಳ್ಳಿ, ವಿಳಾಸ, ಫೋನ್ ನಂಬರ್ ಬೇಡ. ಬಿಟ್ಟು ಹೋದವರ ಹೆಸರು ಪುಸ್ತಕದಲ್ಲಿ ಹಾಕುವ ಮುಂಚೆ ಅವರನ್ನು ಅಥವಾ ಮನೆಯವರನ್ನು ಕೇಳಿ. ಬೇಡ ಅಂದವರನ್ನು ಒತ್ತಾಯ ಮಾಡಬೇಡಿ. ಬರುತ್ತೇನೆ ಅಂದವರಿಗೆ ಕಾರ್ಯಕ್ರಮದ ದಿನ, ಹೊತ್ತು ತಿಳಿಸಿ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ. ಇಬ್ಬರು ನಾಳೆ ಮಧ್ಯಾಹ್ನದ ಬಿಡುವಿನಲ್ಲಿ ಕಚೇರಿ ಹತ್ತಿರ ಬನ್ನಿ.

ಹಾಜರಿ ಪುಸ್ತಕ:

ನಾನು ಬರುತ್ತೇನೆ ಮೇಡಂ.

ಕೊನೇ ಬೆಂಚು:

ನಾನೂ. ಫೋಟೋ ಹಿಂದೆ ಹೆಸರು ಬರೆಯುವ ಕೆಲಸವೂ ನನಗೇ ಇರಲಿ.